ಕೊಬ್ಬರಿ ಘಮ ಬಾಟಲಿಗೆ ಇಳಿದ ಕಥೆ: ನಾಲಿಗೆಗೆ ಸರಿ, ಶ್ವಾಸಕೋಶಕ್ಕೆ?

ಇವತ್ತಿನ ಕಥೆ ಶುರುವಾಗಿದ್ದು ಒಂದು ವಿಡಿಯೊ ಕಾಲ್‌ನಲ್ಲಿ.

ನನ್ನ ಚಿಕ್ಕಮ್ಮನ ಮಗ ಇಂಗ್ಲೆಂಡಲ್ಲಿದ್ದಾನೆ. ಸಿಗರೇಟು ಬಿಡೋಕೆ ಅಂತ ವೇಪ್ ಹಿಡಿದವನು, ಈಗ ಅದಕ್ಕೆ ಬೇಕಾದ ದ್ರವವನ್ನೂ ಮನೆಯಲ್ಲೇ ಬೆರೆಸಿಕೊಳ್ತಾನೆ. ಅಲ್ಲಿ ಅದು ಕಾನೂನಿಗೆ ವಿರುದ್ಧವಲ್ಲ. ಅಡುಗೆಮನೆ ಕಟ್ಟೆ ಮೇಲೆ ಒಂದು ಪುಟ್ಟ ಡಿಜಿಟಲ್ ತಕ್ಕಡಿ, ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪಕ್ಕದಲ್ಲಿ ಒಂದು ಸಣ್ಣ ಬಾಟಲಿ. ಅದರ ಮೇಲೆ 'ಕ್ರೀಮಿ ಕೋಕನಟ್' ಅಂತ ಬರೆದಿದೆ. ಅವನೇ ಅದರ ಪರೀಕ್ಷಕ. "ಅಕ್ಕ, ಘಮ ಸೂಪರ್. ಆದ್ರೆ ಎರಡು ಹನಿ ಜಾಸ್ತಿಯಾದ್ರೆ ಸನ್‌ಸ್ಕ್ರೀನ್ ನೆಕ್ಕಿದ ಹಾಗಿರುತ್ತೆ. ಹತ್ತಕ್ಕೆ ಎಂಟು" ಅಂದ. ನನ್ನ ಮುಖ ನೋಡಿ, "ಏನೂ ಆಗಲ್ಲ ಬಿಡು, ಇದು ಫುಡ್ ಗ್ರೇಡ್. ಬಿಸ್ಕತ್ತಿಗೆ ಹಾಕೋದೂ ಇದನ್ನೇ" ಅಂತ ಸಮಾಧಾನ ಮಾಡಿದ.

ನಾನು ಸಿಕ್ಕಿಹಾಕಿಕೊಂಡಿದ್ದು ಅಲ್ಲೇ. ಇವನು ರುಚಿಗೆ ಹತ್ತಕ್ಕೆ ಎಂಟು ಕೊಟ್ಟ, ಸರಿ. ಸುರಕ್ಷಿತ ಅಂತ ಆ ಬಾಟಲಿಗೆ ಮಾರ್ಕ್ಸ್ ಕೊಟ್ಟವರು ಯಾರು? ಯಾವ ಪರೀಕ್ಷೆಗೆ?

ಮೊದಲು ಘಮದ ವಿಷಯ. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಪಕ್ಕ ಹಾದು ಹೋದವರಿಗೆ ನಿಜವಾದ ತೆಂಗಿನ ವಾಸನೆ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಆ ವಾಸನೆಯಲ್ಲಿ ಮುಖ್ಯ ಪಾತ್ರ ಡೆಲ್ಟಾ-ಆಕ್ಟಾಲ್ಯಾಕ್ಟೋನ್, ಡೆಲ್ಟಾ-ಡೆಕಾಲ್ಯಾಕ್ಟೋನ್ ಅನ್ನೋ ಎರಡು ರಾಸಾಯನಿಕಗಳದ್ದು. ಆದರೆ ಕೃತಕ ತೆಂಗಿನ ಫ್ಲೇವರ್‌ನ ಹಳೇ ಹೀರೊ ಬೇರೆಯವನು. ಅವನ ಹೆಸರು ಗಾಮಾ-ನೋನಾಲ್ಯಾಕ್ಟೋನ್. 20ನೇ ಶತಮಾನದ ಆರಂಭದಿಂದ ಸುಗಂಧದ್ರವ್ಯ ವ್ಯಾಪಾರಿಗಳು ಇದನ್ನ ಕರೆದಿದ್ದು 'ಆಲ್ಡಿಹೈಡ್ ಸಿ-18' ಅಂತ. ಆ ಹೆಸರಲ್ಲೇ ಎರಡು ಸುಳ್ಳು. ಅದು ಆಲ್ಡಿಹೈಡ್ ಅಲ್ಲ, ಲ್ಯಾಕ್ಟೋನ್. ಅದರಲ್ಲಿ ಇಂಗಾಲದ ಪರಮಾಣುಗಳು 18 ಅಲ್ಲ, ಬರೀ 9. ಇದರ ತಮ್ಮ ಒಬ್ಬ ಇದ್ದಾನೆ, 'ಆಲ್ಡಿಹೈಡ್ ಸಿ-14', ಪೀಚ್ ಹಣ್ಣಿನ ವಾಸನೆಯವನು. 1919ರಲ್ಲಿ ಪ್ಯಾರಿಸ್‌ನ ಗೆರ್ಲಾನ್ ಕಂಪನಿಯ ಮಿತ್ಸೂಕೊ ಪರ್ಫ್ಯೂಮ್‌ನಲ್ಲಿ ಬಳಕೆಯಾಗಿ ಪ್ರಸಿದ್ಧನಾದವನು. ಅವನದೂ ಇದೇ ಕಥೆ, ಇಂಗಾಲ 14 ಅಲ್ಲ, 11.

ಅಂದ್ರೆ ಈ ಬಾಟಲಿಯ ವಂಶ ಅಡುಗೆಮನೆಯದಷ್ಟೇ ಅಲ್ಲ, ಸೆಂಟಿನ ಅಂಗಡಿಯದೂ ಹೌದು. ಕ್ರೀಮು, ಲೋಷನ್ನುಗಳಿಗೆ ತೆಂಗಿನ ಪರಿಮಳ ಕೊಡೋದೂ ಈ ನೋನಾಲ್ಯಾಕ್ಟೋನೇ. ನನ್ನ ತಮ್ಮನಿಗೆ ಸನ್‌ಸ್ಕ್ರೀನ್ ನೆನಪಾಗಿದ್ದು ಸುಮ್ಮನೆ ಅಲ್ಲ!

ಈಗ ಮಾರ್ಕ್ಸ್ ಕಾರ್ಡಿನ ವಿಷಯಕ್ಕೆ ಬರೋಣ. 1958ರಲ್ಲಿ ಅಮೆರಿಕ ತನ್ನ ಆಹಾರ ಕಾನೂನಿಗೆ ತಿದ್ದುಪಡಿ ತಂದಿತು. ಆಹಾರಕ್ಕೆ ಏನನ್ನಾದರೂ ಸೇರಿಸುವ ಮೊದಲು ಅದು ಸುರಕ್ಷಿತ ಎಂದು ತೋರಿಸಬೇಕು ಎಂಬುದು ನಿಯಮ. ಆದರೆ ತಜ್ಞರು 'ಸಾಮಾನ್ಯವಾಗಿ ಸುರಕ್ಷಿತ' ಎಂದು ಒಪ್ಪಿದ ಪದಾರ್ಥಗಳಿಗೆ ವಿನಾಯಿತಿ. ಫ್ಲೇವರ್ ತಯಾರಕರ ಸಂಘ ಫೆಮಾ 1909ರಿಂದಲೇ ಇತ್ತು. ಅದು ತಜ್ಞರ ಸಮಿತಿ ಮಾಡಿ, 1965ರಲ್ಲಿ ಅಂಥ ಪದಾರ್ಥಗಳ ಮೊದಲ ಪಟ್ಟಿ ಪ್ರಕಟಿಸಿತು. ಆ ತಜ್ಞರು ನೋಡಿದ್ದು ಏನನ್ನ? ಐಸ್‌ಕ್ರೀಮಲ್ಲಿ ಎಷ್ಟು, ಬಿಸ್ಕತ್ತಲ್ಲಿ ಎಷ್ಟು, ತಿಂದ ಮೇಲೆ ದೇಹ ಅದನ್ನ ಹೇಗೆ ಕರಗಿಸುತ್ತೆ ಅನ್ನೋದನ್ನ. ಅದು ಹೊಟ್ಟೆಯ ಪರೀಕ್ಷೆ. ಉಸಿರಾಟದ ಪ್ರಶ್ನೆ ಆ ಪ್ರಶ್ನೆಪತ್ರಿಕೆಯಲ್ಲೇ ಇರಲಿಲ್ಲ.

ಕಾಕತಾಳೀಯ ನೋಡಿ, ಅದೇ 1965ರಲ್ಲಿ ಹರ್ಬರ್ಟ್ ಗಿಲ್ಬರ್ಟ್ ಅನ್ನೋ ಅಮೆರಿಕನ್ನನಿಗೆ 'ಹೊಗೆಯಿಲ್ಲದ, ತಂಬಾಕಿಲ್ಲದ ಸಿಗರೇಟು' ಅಂತ ಒಂದು ಪೇಟೆಂಟ್ ಸಿಕ್ಕಿತು. ಸುವಾಸನೆಯ ಬೆಚ್ಚಗಿನ ಗಾಳಿಯನ್ನು ಎಳೆದುಕೊಳ್ಳುವ ಸಾಧನ ಅದು. ಮಾರುಕಟ್ಟೆಯಲ್ಲಿ ಅದು ಓಡಲಿಲ್ಲ. 2003ರಲ್ಲಿ ಚೀನಾದ ಫಾರ್ಮಸಿಸ್ಟ್ ಹೊನ್ ಲಿಕ್ ಇವತ್ತಿನ ಇ-ಸಿಗರೇಟಿಗೆ ರೂಪ ಕೊಟ್ಟ. ಆಮೇಲೆ ತಿನ್ನೋಕೆ ಪಾಸಾದ ಫ್ಲೇವರ್ ಮತ್ತು ಉಸಿರಾಡೋ ಯಂತ್ರ ಒಂದಾದವು.

ಇದರಲ್ಲಿ ಅಪಾಯ ಇದೆ ಅಂತ ಅಷ್ಟರಲ್ಲೇ ಸುಳಿವು ಸಿಕ್ಕಿತ್ತು. 2000ನೇ ಇಸವಿ, ಅಮೆರಿಕದ ಮಿಸೌರಿ ರಾಜ್ಯದ ಜಾಸ್ಪರ್ ಎಂಬ ಊರು. ಅಲ್ಲಿನ ಮೈಕ್ರೊವೇವ್ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ 8 ಮಂದಿಗೆ ಬ್ರಾಂಕಿಯೊಲೈಟಿಸ್ ಒಬ್ಲಿಟರನ್ಸ್ ಇರುವುದು ಗೊತ್ತಾಯಿತು. ಶ್ವಾಸಕೋಶದ ಅತಿ ಸಣ್ಣ ನಾಳಗಳು ಗಾಯಗೊಂಡು, ಕಲೆಗಟ್ಟಿ ಮುಚ್ಚಿಕೊಳ್ಳುವ ಕಾಯಿಲೆ ಇದು. ಆದ ಹಾನಿ ವಾಪಸ್ ಸರಿಹೋಗುವುದಿಲ್ಲ. ತನಿಖೆ ಬೊಟ್ಟು ಮಾಡಿದ್ದು ಬೆಣ್ಣೆ ಫ್ಲೇವರ್‌ನತ್ತ, ಅದರಲ್ಲಿದ್ದ ಡಯಾಸಿಟೈಲ್‌ನತ್ತ. ಡಯಾಸಿಟೈಲ್ ಕೂಡ 'ತಿನ್ನಲು ಸುರಕ್ಷಿತ' ಪಟ್ಟಿಯಲ್ಲೇ ಇರುವ ವಸ್ತು. ಈ ಕಾರ್ಮಿಕರು ಅದನ್ನ ತಿಂದಿರಲಿಲ್ಲ. ಬಿಸಿ ಎಣ್ಣೆಗೆ ಫ್ಲೇವರ್ ಬೆರೆಸುವ ತೊಟ್ಟಿಯಿಂದ ಏಳುತ್ತಿದ್ದ ಆವಿಯನ್ನು ದಿನವೂ ಉಸಿರಾಡಿದ್ದರು.

ತೆಂಗಿಗೂ ಬೆಣ್ಣೆಗೂ ಏನು ಸಂಬಂಧ ಅಂತೀರಾ? 'ಕ್ರೀಮಿ' ಅನ್ನೋ ಪದವೇ ಆ ಕೊಂಡಿ. ಕೆನೆಯ ಸೊಗಸು ಬರಲಿ ಅಂತ ಸಿಹಿ ಫ್ಲೇವರ್‌ಗಳಲ್ಲಿ ಡಯಾಸಿಟೈಲ್ ಅಥವಾ ಅದರ ಬದಲಿ ಅಸಿಟೈಲ್ ಪ್ರೊಪಿಯೊನಿಲ್ ಬಳಸೋದುಂಟು. ಆ ಬದಲಿ ಕೂಡ ಇಲಿಗಳ ಶ್ವಾಸನಾಳಕ್ಕೆ ಹಾನಿ ಮಾಡಿದ್ದು ಪ್ರಯೋಗಗಳಲ್ಲಿ ಕಂಡಿದೆ. 2015ರಲ್ಲಿ ಹಾರ್ವರ್ಡ್ ಸಂಶೋಧಕರು 51 ಬಗೆಯ ಫ್ಲೇವರ್ ಇ-ಸಿಗರೇಟುಗಳನ್ನು ಪರೀಕ್ಷಿಸಿದಾಗ 39ರಲ್ಲಿ ಡಯಾಸಿಟೈಲ್ ಸಿಕ್ಕಿತು.

ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ವೇಪ್ ಮಾಡಿದವರಿಗೆಲ್ಲ ಪಾಪ್‌ಕಾರ್ನ್ ಕಾರ್ಖಾನೆಯ ಕಾಯಿಲೆ ಬರುತ್ತೆ ಅಂತ ಸಾಬೀತಾಗಿಲ್ಲ. ಸಿಗರೇಟು ಹೊಗೆಯಲ್ಲೂ ಡಯಾಸಿಟೈಲ್ ಇದೆ, ಇನ್ನೂ ಹೆಚ್ಚೇ ಇದೆ. ಹೆದರಿಸೋದು ನನ್ನ ಉದ್ದೇಶ ಅಲ್ಲ. ಆದರೆ 'ತಿನ್ನಬಹುದು, ಆದ್ದರಿಂದ ಉಸಿರಾಡಬಹುದು' ಅನ್ನೋ ಲೆಕ್ಕ ತಪ್ಪು ಅಂತ ಜಾಸ್ಪರ್ ತೋರಿಸಿಕೊಟ್ಟಿದೆ.

ಇನ್ನು ಕೆಲವರು ಕೇಳ್ತಾರೆ, "ಕೆಮಿಕಲ್ ಬೇಡ, ಶುದ್ಧ ಕೊಬ್ಬರಿ ಎಣ್ಣೆನೇ ಎರಡು ಹನಿ ಹಾಕಿದ್ರೆ?" ದಯವಿಟ್ಟು ಬೇಡ! ಎಣ್ಣೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಬರಬಹುದು ಅಂತ ವೈದ್ಯಲೋಕಕ್ಕೆ 1925ರಿಂದಲೇ ಗೊತ್ತು. ಆಗ ಮೂಗಿಗೆ ಎಣ್ಣೆಯ ಔಷಧಿ ಬಿಡುತ್ತಿದ್ದರು. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡುತ್ತಿದ್ದ ಯುವಕರು ಸಾಲುಸಾಲಾಗಿ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣ, 68 ಸಾವು. ಮುಖ್ಯ ಆರೋಪಿ ವಿಟಮಿನ್ ಇ ಅಸಿಟೇಟ್, ಗಾಂಜಾ ಅಂಶದ ದ್ರವಕ್ಕೆ ಬೆರೆಸಿದ್ದ ಎಣ್ಣೆಯಂಥ ವಸ್ತು. ಅದನ್ನ ಮಾತ್ರೆಯಾಗಿ ನುಂಗ್ತಾರೆ, ಮುಖದ ಕ್ರೀಮಲ್ಲಿ ಹಚ್ಚಿಕೊಳ್ತಾರೆ. ಹೊಟ್ಟೆಗೂ ಚರ್ಮಕ್ಕೂ ಸರಿ, ಶ್ವಾಸಕೋಶಕ್ಕೆ ವಿಷ.

ನಮ್ಮಲ್ಲಿ ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. 2019ರ ಕೇಂದ್ರ ಕಾನೂನಿನ ಪ್ರಕಾರ ತಯಾರಿಕೆ, ಮಾರಾಟ, ಆಮದು, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಒಂದು ಕಡೆ ಇರಲಿ, ಪಟ್ಟಿ ಮಾಡಿದ ಫೆಮಾ ಸಂಘವೇ ಸ್ಪಷ್ಟವಾಗಿ ಹೇಳಿದೆ: ನಮ್ಮ ಒಪ್ಪಿಗೆ ಆಹಾರಕ್ಕೆ ಮಾತ್ರ, ಇ-ಸಿಗರೇಟಿಗೆ ಅನ್ವಯಿಸಲ್ಲ.

ಇಷ್ಟನ್ನೂ ತಮ್ಮನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬಾಟಲಿ ಕೊಟ್ಟ ಅಂಗಡಿಗೆ ಮೆಸೇಜ್ ಹಾಕಿ, ಡಯಾಸಿಟೈಲ್ ಪರೀಕ್ಷೆಯ ವರದಿ ಕೇಳಿದ. ಎರಡು ದಿನ ಬಿಟ್ಟು ಒಂದೇ ಸಾಲಿನ ಉತ್ತರ ಬಂತು: ಈ ಉತ್ಪನ್ನ ಆಹಾರ ಬಳಕೆಗೆ. ಅದನ್ನ ನನಗೆ ಫಾರ್ವರ್ಡ್ ಮಾಡಿ, ಕೆಳಗೆ ಬರೆದ: "ಅಕ್ಕ, ರುಚಿಗೆ ಮಾರ್ಕ್ಸ್ ಕೊಟ್ಟೆ. ಕೇಳಬೇಕಾದ ಪ್ರಶ್ನೆ ಕೇಳಿರಲೇ ಇಲ್ಲ."

ಹೋದ ಭಾನುವಾರ ಮತ್ತೊಂದು ಫೋಟೊ ಬಂತು. ಅದೇ ತಕ್ಕಡಿ, ಅದೇ ಬಾಟಲಿ, ಪಕ್ಕದಲ್ಲಿ ಒಂದು ತಟ್ಟೆ ಕೊಬ್ಬರಿ ಮಿಠಾಯಿ. ವೇಪ್ ಪೂರ್ತಿ ಬಿಟ್ಟಿಲ್ಲ, ಬಿಡೋ ಪ್ರಯತ್ನದಲ್ಲಿದ್ದಾನೆ. ಆ ಬಾಟಲಿಯಂತೂ ತಾನು ಪಾಸಾದ ಪರೀಕ್ಷೆಗೇ ವಾಪಸ್ ಹೋಗಿದೆ.

ನೀವೂ ತಂಬಾಕು ಬಿಡೋ ಯೋಚನೆಯಲ್ಲಿದ್ರೆ ರಾಷ್ಟ್ರೀಯ ಕ್ವಿಟ್‌ಲೈನ್ ಇದೆ, 1800-112-356. ಕರೆ ಉಚಿತ.