ನಿಂತ ಕಾರಿನ ಎಂಜಿನ್ ತಾನಾಗಿಯೇ ರೇಸ್ ಆದರೆ ಇಸಿಎಂ ಕೆಟ್ಟಿದೆಯೇ?

ಆಕ್ಸಿಲರೇಟರ್ ಮುಟ್ಟದೆಯೂ ಆರ್‌ಪಿಎಂ ಏರಿತೆಂದರೆ ಇಸಿಎಂ ಹೋಯಿತು ಎನ್ನುವವರಿದ್ದಾರೆ. ದುಬಾರಿ ಭಾಗವದು, ಅಷ್ಟು ಬೇಗ ನಂಬಬೇಡಿ.

ಬಿಸಿಯಾದ ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂನಲ್ಲಿರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ 1,200 ದಾಟಿ ಸ್ವಲ್ಪ ಹೊತ್ತಿಗೆ ಇಳಿಯುವುದು, ಎಸಿ ಹಾಕಿದಾಗ ತುಸು ಏರುವುದು ದೋಷವಲ್ಲ.

ಬಿಸಿಯಾದ ಮೇಲೂ 1,500ರಲ್ಲೇ ನಿಂತರೆ ಅಥವಾ ಮುಳ್ಳು ಮೇಲೆ ಕೆಳಗೆ ಆಡುತ್ತಿದ್ದರೆ ಮೊದಲು ಫ್ಲೋರ್ ಮ್ಯಾಟ್ ಪೆಡಲ್‌ಗೆ ಸಿಕ್ಕಿದೆಯೇ ನೋಡಿ. ನಂಬಿ, ಹೀಗೂ ಆಗುತ್ತದೆ! ಅಲ್ಲವಾದರೆ ಬಹುಪಾಲು ಗಾಳಿಯದೇ ಸಮಸ್ಯೆ. ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪಿನಿಂದ ಗಾಳಿ ಒಳನುಗ್ಗುತ್ತದೆ. ಬಾನೆಟ್ ತೆರೆದರೆ ಕೆಲವೊಮ್ಮೆ 'ಸ್ಸ್' ಸದ್ದು ಕೇಳಿಸುತ್ತದೆ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದರೆ ಅದು ಪೂರ್ತಿ ಮುಚ್ಚುವುದಿಲ್ಲ. ಆರ್‌ಪಿಎಂ ಹೆಚ್ಚಾಯಿತೆಂದು ಇಸಿಎಂ ಇಂಧನ ನಿಲ್ಲಿಸುತ್ತದೆ, ಇಳಿದೊಡನೆ ಮತ್ತೆ ಕೊಡುತ್ತದೆ. ಆ ಏರಿಳಿತಕ್ಕೆ ಇದೇ ಕಾರಣವಿರಬಹುದು. ಬ್ಯಾಟರಿ ಕಳಚಿ ಹಾಕಿದ ಮೇಲೆ ಶುರುವಾಗಿದ್ದರೆ, ಐಡಲ್ ಮತ್ತೆ ಹೊಂದಿಸಿದರೆ ಸಾಕಾಗಬಹುದು. ಚೆಕ್ ಎಂಜಿನ್ ದೀಪ ಉರಿದಿದ್ದರೆ ಸ್ಕ್ಯಾನ್ ಮಾಡಿಸಿ. ಸೋರಿಕೆ ಹುಡುಕಲು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸಿಂಪಡಿಸುವ ಉಪಾಯ ಬೇಡವೇ ಬೇಡ, ಬೆಂಕಿ ಹತ್ತೀತು.

ಟರ್ಬೊ ಇರುವ ಡೀಸೆಲ್ ಕಾರಿನ ಕಥೆ ಬೇರೆ. ಟರ್ಬೊದಿಂದ ಸೋರಿದ ಆಯಿಲನ್ನೇ ಸುಡುತ್ತ ಎಂಜಿನ್ ಅಬ್ಬರಿಸತೊಡಗಿದರೆ ಕೀ ಆಫ್ ಮಾಡಿದರೂ ನಿಲ್ಲದಿರಬಹುದು, ದಟ್ಟ ಹೊಗೆಯೂ ಬರುತ್ತದೆ. ಮ್ಯಾನ್ಯುವಲ್ ಗೇರಿನ ಕಾರಾದರೆ, ಎದುರಿಗೆ ಯಾರೂ ಇಲ್ಲದಿದ್ದಾಗ ಬ್ರೇಕ್ ಬಲವಾಗಿ ಒತ್ತಿ, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಿ. ಆಗದಿದ್ದರೆ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ ಎಲ್ಲರೂ ಇಳಿದು ದೂರ ಹೋಗಿ. ಬಾನೆಟ್ ತೆರೆಯಬೇಡಿ.