ಕಾಫಿ ನಾಡಿನೊಳಗೆ ನಮ್ಮದೊಂದು ಚಹಾ ಸೀಮೆ

ಬೆಂಗಳೂರಿಗೆ ದುಡಿಯಲು ಅಥವಾ ಓದಲು ಹೋದ ಯಾದಗಿರಿ ಕಡೆಯವರಿಗೆ ಈ ಅನುಭವ ಹೊಸದಲ್ಲ. ಯಾರದೋ ಮನೆಯಲ್ಲಿ ಸ್ಟೀಲ್ ಲೋಟದಲ್ಲಿ ಕಾಫಿ ತಂದಿಡುತ್ತಾರೆ. ನಾವು ಮೆಲ್ಲಗೆ, "ಚಾ ಇದ್ರ ಕೊಡ್ರಿ ಅಕ್ಕಾರ" ಅನ್ನುತ್ತೇವೆ. "ಕರ್ನಾಟಕದವರಾಗಿ ಕಾಫಿ ಕುಡಿಯಲ್ವಾ?" ಎಂದು ನಗುತ್ತಾರೆ. ನಗು ಸಣ್ಣದು. ಆದರೆ ನಾವು ಹೊರಗಿನವರು ಎಂಬ ಭಾವ ಅದರಲ್ಲಿ ಇಣುಕುತ್ತದೆ. ಈ ನಗುವಿಗೆ ಉತ್ತರ ನಮ್ಮ ನಾಲಿಗೆಯಲ್ಲಿಲ್ಲ, ನಮ್ಮ ಚರಿತ್ರೆಯಲ್ಲಿದೆ.

ಮೊದಲು ಕಾಫಿಯ ಕಥೆ ನೋಡೋಣ. ಸೂಫಿ ಸಂತ ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಎಂದು ಜನ ಹೇಳುತ್ತಾರೆ. ಆ ಬೆಟ್ಟಕ್ಕೆ ಇವತ್ತಿಗೂ ಅವರದೇ ಹೆಸರು. ದೊಡ್ಡ ತೋಟಗಳು ಬಂದದ್ದು ಬ್ರಿಟಿಷರ ಕಾಲದಲ್ಲಿ. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. ಕಾಫಿ ಪ್ರಿಯರು ಈಗಲೂ ಹುಡುಕುವ 'ಎಸ್ 795' ಎಂಬ ಅರೇಬಿಕಾ ತಳಿ ಅಲ್ಲಿಯದೇ. ಮಳೆ, ನೆರಳು, ತಂಪು ಇದ್ದರೆ ಅರೇಬಿಕಾ ಚೆನ್ನಾಗಿ ಬೆಳೆಯುತ್ತದೆ. ನಮ್ಮ ಕರಿ ಮಣ್ಣಿನಲ್ಲಿ ಹತ್ತಿ, ತೊಗರಿ ಬೆಳೆಯುತ್ತವೆ, ಕಾಫಿ ಬೆಳೆಯುವುದಿಲ್ಲ.

ಆದರೆ ಬೆಳೆಯದ ಕಾರಣಕ್ಕೇ ಕುಡಿಯಲಿಲ್ಲ ಎನ್ನಲು ಬರುವುದಿಲ್ಲ. ಚಹಾ ಕೂಡ ನಮ್ಮ ಹೊಲದಲ್ಲಿ ಬೆಳೆದದ್ದಲ್ಲ.

ಇನ್ನೊಂದು ಕಾರಣ ಗಡಿ. ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು 1858ರಲ್ಲಿ ತೀರಿಹೋದರು. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮರ ಕೈಗೆ ಕೊಟ್ಟರು. ಶಹಾಪುರ, ಯಾದಗಿರಿ ಕೂಡ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಕಾಫಿ ಬೆಟ್ಟಗಳಿದ್ದದ್ದು ಮೈಸೂರು ಸಂಸ್ಥಾನದಲ್ಲಿ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಕಚೇರಿ, ಕೋರ್ಟು, ಸಂತೆ ಎಲ್ಲಕ್ಕೂ ನಮ್ಮ ಮುಖ ಇದ್ದದ್ದು ಹೈದರಾಬಾದಿನ ಕಡೆಗೆ. ಇರಾನಿ ಹೋಟೆಲುಗಳ ಆ ಊರು ಚಹಾದ ಊರು.

ಮತ್ತೊಂದು ಕಾರಣ ರೈಲು. ಮುಂಬೈಯಿಂದ ಹೊರಟ ಹಳಿ ಯಾದಗಿರಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. ಮದ್ರಾಸಿನಿಂದ ಬಂದ ಹಳಿ ಅಲ್ಲಿ ಅದನ್ನು ಕೂಡಿಕೊಂಡಿತು. ನಕ್ಷೆ ತೆಗೆದು ನೋಡಿ: ನಾವು ಮುಂಬೈ ಬದಿಯ ಹಳಿಯ ಮೇಲಿದ್ದೇವೆ. ಮದ್ರಾಸಿನ ಕಡೆ ಕಾಫಿ ಮನೆಮನೆಗೆ ಹೊಕ್ಕಿತು, ಮುಂಬೈ ಕಡೆ ಚಹಾ. 20ನೇ ಶತಮಾನದ ಮೊದಲ ದಶಕಗಳಲ್ಲಿ ಚಹಾ ತೋಟದ ಮಾಲೀಕರು ರೈಲು ನಿಲ್ದಾಣ, ಗಿರಣಿ, ಸಂತೆಗಳಲ್ಲಿ ಭರ್ಜರಿ ಪ್ರಚಾರ ಮಾಡಿ ಜನರಿಗೆ ಚಹಾ ರೂಢಿ ಮಾಡಿಸಿದರು.

ಕೊನೆಯ ಕಾರಣ ಕಿಸೆ. 1930ರ ದಶಕದಲ್ಲಿ ಅಸ್ಸಾಂನಲ್ಲಿ ಎಲೆಯನ್ನು ಹಿಸುಕಿ ಹರಿದು ಸಣ್ಣ ಕಾಳು ಮಾಡುವ ಯಂತ್ರ ಬಂತು. ಆ ಸಿಟಿಸಿ ಚಹಾಪುಡಿ ಚಿಟಿಕೆ ಹಾಕಿದರೂ ಬಣ್ಣ ಬಿಡುತ್ತದೆ, ಹಾಲು ಸಕ್ಕರೆ ಕೂಡಿಸಿ ಒಂದೇ ಬೋಗುಣಿಯಲ್ಲಿ ಕುದಿಸಬಹುದು. ಫಿಲ್ಟರ್ ಕಾಫಿ ಹಾಗಲ್ಲ. ಬೀಜ ಹುರಿಯಬೇಕು, ಬೀಸಬೇಕು, ಫಿಲ್ಟರಿಗೆ ಹಾಕಿ ಬಿಸಿನೀರು ಹೊಯ್ದು ಡಿಕಾಕ್ಷನ್ ಇಳಿಯುವವರೆಗೆ ಕಾಯಬೇಕು. ಹತ್ತಿ ಬಿಡಿಸಲು ಹೊಲಕ್ಕೆ ಹೊರಟ ಹೆಣ್ಣುಮಗಳಿಗೆ ಅಷ್ಟು ಪುರುಸೊತ್ತು ಎಲ್ಲಿ? ಕಿಟ್ಲಿಯಲ್ಲಿ ಚಾ ಹೊಲಕ್ಕೆ ಹೋಯಿತು, ಬಸಿಯಲ್ಲಿ ಸುರುವಿಕೊಂಡು ಕುಡಿದೆವು. ಅದೇ ನಮ್ಮ ರುಚಿಯಾಯಿತು.

ಈಗ ಕಾಫಿಯೂ ಬರುತ್ತಿದೆ. ಕಿರಾಣಿ ಅಂಗಡಿಯಲ್ಲಿ ಇನ್‌ಸ್ಟಂಟ್ ಕಾಫಿಯ ಸಣ್ಣ ಪಾಕೀಟು ತೂಗಾಡುತ್ತದೆ. ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಹುಡುಗರು ಫಿಲ್ಟರ್ ತರುತ್ತಾರೆ. ನಮ್ಮಲ್ಲೂ ಕೆಲವರು ರೂಢಿ ಮಾಡಿಕೊಂಡಿದ್ದೇವೆ. ಕೊಳ್ಳುವವರಿಗೆ ನಾಲ್ಕು ಮಾತು: ಅರೇಬಿಕಾ ಪರಿಮಳಕ್ಕೆ, ರೋಬಸ್ಟಾ ಖಡಕ್ ಕಹಿಗೆ. ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡು ಬೀಜವಿದ್ದರೆ ಅದು ಪೀಬೆರಿ. ಚಿಕೋರಿ ಎಂದರೆ ಹುರಿದ ಬೇರಿನ ಪುಡಿ. ಅದು ಕಾಫಿಯಲ್ಲ, ಆದರೆ ಡಿಕಾಕ್ಷನ್ ದಪ್ಪ ಮಾಡುತ್ತದೆ. ಹುರಿದು ಬೀಸಿದ ಪುಡಿ ಹಳತಾದಷ್ಟೂ ಪರಿಮಳ ಕಳೆದುಕೊಳ್ಳುತ್ತದೆ, ಸ್ವಲ್ಪ ಸ್ವಲ್ಪವೇ ತನ್ನಿ.

ಕುಡಿಯುವುದು ಬಿಡುವುದು ನಿಮ್ಮ ಇಷ್ಟ. ಆದರೆ ಮುಂದಿನ ಸಲ ಯಾರಾದರೂ ನಕ್ಕರೆ ತಲೆ ತಗ್ಗಿಸಬೇಡಿ. ಸುರಪುರ ಯಾರ ಕೈಗೆ ಹೋಯಿತು, ರೈಲು ಎಲ್ಲಿಂದ ಬಂತು, ನಮ್ಮವರ ದುಡಿಮೆ ಎಂಥದು ಅಂತ ಹೇಳಿ. ಆಮೇಲೆ ಅವರನ್ನೇ ಊರಿಗೆ ಕರೆಯಿರಿ. ಬಿಸಿ ಮಿರ್ಚಿ, ಸುಸಲಾ ಕೊಟ್ಟು, ಮೇಲೆ ಒಂದು ಬಸಿ ಚಾ ಸುರುವಿ ಕೊಡಿ. ಕುಡಿದ ಮೇಲೆ ಅವರೇ ಹೇಳಲಿ.