ತಿದಿ ಊದಿದವರ ವಿಶ್ವಚರಿತ್ರೆ



ನಮ್ಮ ಹೈಸ್ಕೂಲು ಹುಡುಗರು ಓದುವ ವಿಶ್ವಚರಿತ್ರೆ ನದೀ ಬಯಲುಗಳಿಂದ ಶುರುವಾಗುತ್ತದೆ. ಟೈಗ್ರಿಸ್, ಯೂಫ್ರೆಟಿಸ್, ನೈಲ್, ಸಿಂಧೂ. ಆಮೇಲೆ ಗ್ರೀಸು, ರೋಮು, ಫ್ರಾನ್ಸಿನ ಕ್ರಾಂತಿ, ಎರಡು ಮಹಾಯುದ್ಧ. ಇಸವಿಗಳನ್ನು ಉರು ಹೊಡೆದು, ಪರೀಕ್ಷೆ ಬರೆದು, ಬೇಸಿಗೆ ರಜಕ್ಕೆ ಮರೆತುಬಿಡುತ್ತಾರೆ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಕಡೆಯ ಹೊಲಗೇರಿಯ ಹುಡುಗ ಇದನ್ನೆಲ್ಲ ಓದಿ ಮುಗಿಸಿದಾಗ ಅವನ ತಲೆಯಲ್ಲಿ ಉಳಿಯುವುದು ಒಂದೇ ಮಾತು: ಚರಿತ್ರೆ ಇರುವುದು ಬೇರೆಯವರಿಗೆ, ನಮಗಿರುವುದು ಜಾತಿ ಸರ್ಟಿಫಿಕೇಟು ಮಾತ್ರ. ಇದು ಸುಳ್ಳು. ಸುಳ್ಳು ಅಂತ ಕೂಗಿದರೆ ಸಾಲದು, ತೋರಿಸಬೇಕು. ತೋರಿಸೋಕೆ ಬೇಕಾದ ವಸ್ತುವೆಲ್ಲ ನಮ್ಮೂರಲ್ಲೇ ಐತೆ.

ಮೊದಲು ನೀರು. ನಾಗರಿಕತೆ ಹುಟ್ಟಿದ್ದು ನೀರಾವರಿಯಿಂದ ಅನ್ನುತ್ತದೆ ಪಾಠ. ನಿಜ. ಆದರೆ ನೀರು ತಾನಾಗಿ ಗದ್ದೆಗೆ ಹೋಗುವುದಿಲ್ಲ. ಕ್ರಿ.ಪೂ. 1750ರ ಸುಮಾರಿನ ಹಮ್ಮುರಾಬಿಯ ಶಾಸನವನ್ನು ನೋಡಿ. ಕಾಲುವೆ ಏರಿಯನ್ನು ಭದ್ರ ಮಾಡದೆ ಪಕ್ಕದವರ ಹೊಲ ಮುಳುಗಿಸಿದವನು ದಂಡ ತೆರಬೇಕು, ತೆರಲಾಗದಿದ್ದರೆ ಅವನನ್ನೇ ಮಾರಬೇಕು. ಅದೇ ಶಾಸನದಲ್ಲಿ ಕುಲೀನನ ಕಣ್ಣು ಕಿತ್ತರೆ ಕಣ್ಣಿಗೆ ಕಣ್ಣು; ಗುಲಾಮನ ಕಣ್ಣು ಕಿತ್ತರೆ ಅವನ ಬೆಲೆಯಲ್ಲಿ ಅರ್ಧ. ಆ ಅರ್ಧವೂ ಗುಲಾಮನಿಗಲ್ಲ, ಒಡೆಯನಿಗೆ. ಆಳಿಗೊಂದು, ಅರಸಿಗೊಂದು ನ್ಯಾಯ ಬರೆದವನು ನಮ್ಮ ಮನು ಒಬ್ಬನೇ ಅಲ್ಲ ಅಂತಾಯಿತು.

ಈಗ ಕಣ್ವ, ಶಿಂಷಾ ಸೀಮೆಗೆ ಬನ್ನಿ. ಇಲ್ಲಿ ಕೆರೆ ಏರಿ ಕಾದವನು, ತೂಬು ಎತ್ತಿದವನು, ಯಾವ ಗದ್ದೆಗೆ ಯಾವ ಸರದಿಯಲ್ಲಿ ನೀರು ಅಂತ ತಲೆಯಲ್ಲಿ ಲೆಕ್ಕ ಇಟ್ಟುಕೊಂಡವನು ನೀರಗಂಟಿ. ಹಳೇ ಮೈಸೂರಿನ ಅನೇಕ ಊರುಗಳಲ್ಲಿ ಈ ಕೆಲಸ ದಲಿತ ಮನೆತನಗಳ ಪಾಲಿನದು. ಊರಿಗೆಲ್ಲ ನೀರು ಹಂಚಿದವನು ಊರ ಬಾವಿಗೆ ಹಗ್ಗ ಬಿಡುವಂತಿರಲಿಲ್ಲ. ಮೆಸೊಪೊಟೇಮಿಯಾದ ಪಾಠ ಮಾಡುವ ಮೇಷ್ಟ್ರು ಈ ನೀರಗಂಟಿಯ ಮಾತೆತ್ತದಿದ್ದರೆ ಆ ಪಾಠ ಅರ್ಧವೇ.

ಎರಡನೆಯದು ಕಬ್ಬಿಣ. ಕಬ್ಬಿಣದ ಯುಗ ಅಂತ ಪುಸ್ತಕದಲ್ಲಿ ಒಂದು ಪುಟ ಇರುತ್ತದೆ. ಅದರಲ್ಲಿ ಕತ್ತಿ ಇರುತ್ತದೆ, ರಥ ಇರುತ್ತದೆ, ತಿದಿ ಇರುವುದಿಲ್ಲ. ಬ್ರಿಟಿಷರ ಕಡೆಯ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ. ಮಾಗಡಿ ಕಡೆ ಕಬ್ಬಿಣ ಕರಗಿಸುವುದನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದನ್ನೂ ಕಂಡು ಬರೆದಿಟ್ಟ. ದಕ್ಷಿಣದ ಉಕ್ಕು ಸಮುದ್ರ ದಾಟಿ ಪರ್ಷಿಯಾ, ಅರಬ್ ದೇಶಗಳ ಕತ್ತಿಯಾಯಿತು. ಯುರೋಪಿನವರು ಇದನ್ನು 'ವೂಟ್ಜ್' ಅಂದರು. ಅದು ನಮ್ಮ 'ಉಕ್ಕು' ಅನ್ನುವ ಮಾತೇ ಅನ್ನುತ್ತಾರೆ ಪಂಡಿತರು. 1820ರ ಸುಮಾರಿಗೆ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಇದರ ಗುಟ್ಟು ಹುಡುಕಲು ಪ್ರಯೋಗ ನಡೆಸಿದ.

ಸರಿ, ಆ ಕುಲುಮೆ ಉರಿದದ್ದು ಹೇಗೆ? ಬರೀ ಇದ್ದಿಲಿನ ಉರಿಗೆ ಅದಿರು ಕರಗುವುದಿಲ್ಲ, ಎಡೆಬಿಡದೆ ಗಾಳಿ ಊದಬೇಕು. ಊದುವ ತಿದಿ ಚರ್ಮದ್ದು. ಸತ್ತ ದನ ಎಳೆದು, ಸುಲಿದು, ತಂಗಡಿ ತೊಗಟೆ ಹಾಕಿ ಹದ ಮಾಡಿದ ಮಾದಿಗರ ಕೈಯ ಚರ್ಮ. ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮವೂ ಅದೇ ಕೈಯದು. ಚರ್ಮ ಹದ ಮಾಡುವುದು ರಸಾಯನ ವಿದ್ಯೆ. ಆ ವಿದ್ಯೆಗೆ 'ಮೈಲಿಗೆ' ಅಂತ ಹೆಸರಿಟ್ಟು, ಆ ವಿದ್ಯೆಯಿಂದ ಬಂದ ನೇಗಿಲನ್ನೂ ಕತ್ತಿಯನ್ನೂ ಮಾತ್ರ ಪೂಜೆಗೆ ಇಟ್ಟುಕೊಂಡರು. ಆಯುಧಪೂಜೆಗೆ ಕತ್ತಿ ಬಂತು, ತಿದಿ ಊರ ಹೊರಗೇ ಉಳಿಯಿತು.

ಮೂರನೆಯದು ತಟ್ಟೆ. ನಾವು ಮುರಿಯುವ ಮುದ್ದೆಯ ರಾಗಿ ಮೂಲದಲ್ಲಿ ಆಫ್ರಿಕಾದ ಇಥಿಯೋಪಿಯ, ಉಗಾಂಡ ಕಡೆಯ ಎತ್ತರದ ಸೀಮೆಯ ಬೆಳೆ. ಹುರುಳಿ ಮಾತ್ರ ನಮ್ಮ ನೆಲದ್ದು. ಸಾರಿನ ಮೆಣಸಿನಕಾಯಿ ಅಮೆರಿಕಾದ್ದು; 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂತು. ಶುದ್ಧ, ಸನಾತನ ಅಂತ ಬಡಬಡಿಸುವವರ ಊಟದಲ್ಲೂ ಮೂರು ಖಂಡ ಕೂತಿವೆ. ಆದರೆ ಯುರೋಪಿನ ಹಡಗುಗಳು ಬೀಜ ಮಾತ್ರ ಸಾಗಿಸಲಿಲ್ಲ. ಸುಮಾರು ಒಂದೂಕಾಲು ಕೋಟಿ ಆಫ್ರಿಕಾದ ಜನರನ್ನು ಸರಪಳಿ ಬಿಗಿದು ಅಟ್ಲಾಂಟಿಕ್ ದಾಟಿಸಲು ತುಂಬಿಕೊಂಡವು. ಕಬ್ಬು, ಹತ್ತಿ, ಹೊಗೆಸೊಪ್ಪಿನ ತೋಟಗಳಲ್ಲಿ ಅವರ ಬೆವರು ಬಸಿದು ಯುರೋಪಿನ ಬಂಡವಾಳ ಕೊಬ್ಬಿತು.

ಇಷ್ಟಕ್ಕೇ ನಿಂತರೆ ನಮ್ಮ ಚರಿತ್ರೆ ಬರೀ ಗೋಳಾಗುತ್ತದೆ. ದುಡಿದವರು ಸುಮ್ಮನಿರಲಿಲ್ಲ. ಕ್ರಿ.ಪೂ. 1157ರ ಸುಮಾರಿಗೆ ಈಜಿಪ್ಟಿನಲ್ಲಿ ದೊರೆಗಳ ಗೋರಿ ಕೊರೆಯುತ್ತಿದ್ದ ಕೆಲಸಗಾರರು, ಕೂಲಿಯ ಕಾಳು ಬರಲಿಲ್ಲವೆಂದು ಕೆಲಸ ಬಿಟ್ಟು ಗುಡಿಯ ಹಿಂದೆ ಹೋಗಿ ಕೂತರು. ಬರಹದಲ್ಲಿ ಉಳಿದಿರುವ ಮೊದಲ ಮುಷ್ಕರ ಅದು. ಕ್ರಿ.ಪೂ. 73ರಲ್ಲಿ ಸ್ಪಾರ್ಟಕಸ್ ಎದ್ದ. ಆ ದಂಗೆಯನ್ನು ಮುರಿದ ರೋಮು, ಸೆರೆ ಸಿಕ್ಕ ಆರು ಸಾವಿರ ಗುಲಾಮರನ್ನು ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿತು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ವರ್ಸೇಲ್ಸಿನಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಮಾರನೇ ವರ್ಷವೇ ಆ ದೊರೆಯ ವಿರುದ್ಧ ಜನ ಎದ್ದರು. ಮನುಷ್ಯರೆಲ್ಲ ಸಮಾನರು ಎಂದು ಸಾರಿದ ಅದೇ ಫ್ರಾನ್ಸಿನ ಕಬ್ಬಿನ ದ್ವೀಪದಲ್ಲಿ ಗುಲಾಮರು ಇದ್ದೇ ಇದ್ದರು. ಅವರು 1791ರಲ್ಲಿ ದಂಗೆ ಎದ್ದು, 1804ರಲ್ಲಿ ಹೈಟಿ ಎಂಬ ಸ್ವತಂತ್ರ ದೇಶ ಕಟ್ಟಿದರು.

ಮುಂದಿನದು ಕೇಳಿ. 1825ರಲ್ಲಿ ಫ್ರಾನ್ಸು ಯುದ್ಧನೌಕೆ ನಿಲ್ಲಿಸಿ, ಹೈಟಿಯಿಂದ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಬ್ರಿಟನ್ನು 1833ರಲ್ಲಿ ಗುಲಾಮಗಿರಿ ರದ್ದು ಮಾಡಿ, 2 ಕೋಟಿ ಪೌಂಡು ಪರಿಹಾರ ಕೊಟ್ಟಿತು. ಯಾರಿಗೆ? ಒಡೆಯರಿಗೆ. ಬೆನ್ನು ಸೀಳಿಸಿಕೊಂಡವನಿಗೆ ಬಿಡಿಗಾಸಿಲ್ಲ. ಮೈಸೂರಿನಲ್ಲಿ 1954ರ ಕಾಯಿದೆ ಇನಾಮು ರದ್ದು ಮಾಡಿದಾಗಲೂ ಪರಿಹಾರ ನಿಗದಿಯಾದದ್ದು ಇನಾಮುದಾರನಿಗೆ. ಅವನ ಹೊಲದಲ್ಲಿ ಜೀತ ಮಾಡಿದವನಿಗಲ್ಲ.

ಹಾಗಂತ ಗುಲಾಮಗಿರಿಯೂ ಅಸ್ಪೃಶ್ಯತೆಯೂ ಒಂದೇ ಅಂತ ಹುಡುಗರಿಗೆ ಹೇಳಿಕೊಡಬೇಡಿ. ರೋಮಿನ ಗುಲಾಮ ಒಡೆಯನ ಅಡಿಗೆ ಮಾಡಬಹುದಿತ್ತು, ಅವನ ಮಕ್ಕಳಿಗೆ ಪಾಠ ಹೇಳಬಹುದಿತ್ತು, ಬಿಡುಗಡೆಯಾದರೆ ಪ್ರಜೆಯೂ ಆಗಬಹುದಿತ್ತು. ನಮ್ಮವನನ್ನು ಯಾರೂ ಸಂತೆಯಲ್ಲಿ ಕೊಳ್ಳಬೇಕಾಗಿಯೇ ಇರಲಿಲ್ಲ. ಹುಟ್ಟೇ ಅವನನ್ನು ಕಟ್ಟಿಹಾಕಿತ್ತು, ಧರ್ಮ ಆ ಗಂಟಿಗೆ ಮುದ್ರೆ ಒತ್ತಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ಜಾತಿಯ ಕ್ರೌರ್ಯ ಎಂಥದೆಂದು ತಿಳಿಯುವುದು.

ನಮ್ಮ ಹಿರಿಯರು ಹೀಗೆಯೇ ಓದಿದರು. 1873ರಲ್ಲಿ ಜೋತಿಬಾ ಫುಲೆ 'ಗುಲಾಮಗಿರಿ' ಬರೆದು, ಕರಿಯರ ಬಿಡುಗಡೆಗೆ ಹೋರಾಡಿದ ಅಮೆರಿಕಾದ ಜನಕ್ಕೆ ಅರ್ಪಿಸಿದರು. ಬಾಬಾಸಾಹೇಬರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ಅದೇ ಡಿಸೆಂಬರಿನಲ್ಲಿ ಮತ್ತೆ ಅಲ್ಲಿ ನೆರೆದ ಜನಕ್ಕೆ, ನಮ್ಮ ಈ ಸಭೆಯನ್ನು 1789ರ ಫ್ರಾನ್ಸಿನ ರಾಷ್ಟ್ರಸಭೆಯ ಪಕ್ಕದಲ್ಲಿಟ್ಟು ನೋಡಿ ಎಂದು ವಿವರಿಸಿದರು. ಮನುಸ್ಮೃತಿಯನ್ನು ಸುಟ್ಟಿದ್ದು ಆ ಸಮ್ಮೇಳನದಲ್ಲಿ. 1946ರಲ್ಲಿ ಅಮೆರಿಕಾದ ಕರಿಯ ನಾಯಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಅಮೆರಿಕಾದ ಕರಿಯರು ಸಲ್ಲಿಸಿದ್ದ ಅಹವಾಲಿನ ಪ್ರತಿ ಕೇಳಿದರು. ಬಾಬಾಸಾಹೇಬರಿಗೆ ವಿಶ್ವಚರಿತ್ರೆ ಅಂಕಪಟ್ಟಿಯ ಸರಕಾಗಿರಲಿಲ್ಲ, ಹತಾರವಾಗಿತ್ತು.

ಹಳ್ಳಿಯ ಮೇಷ್ಟ್ರುಗಳೆ, ಹತಾರ ಈಗ ನಿಮ್ಮ ಕೈಯಲ್ಲೈತೆ. ಹುಡುಗರನ್ನು ಕೇರಿಯ ಮುದುಕರ ಹತ್ತಿರ ಕಳಿಸಿ. ಈ ಊರಲ್ಲಿ ನೀರಗಂಟಿ ಯಾರಿದ್ದರು, ತೋಟಿ ಯಾರು, ತಳವಾರ ಯಾರು? ಅವರಿಗಿದ್ದ ಚಾಕರಿ ಇನಾಮಿನ ಹೊಲ ಯಾವುದು? 1961ರ ಕಾಯಿದೆ ಹಳ್ಳಿ ಹುದ್ದೆಗಳನ್ನು ರದ್ದು ಮಾಡಿದ ಮೇಲೆ ಆ ಹೊಲ ಯಾರ ಹೆಸರಿಗೆ ಹೋಯಿತು? ಸರ್ಕಾರ ದರಖಾಸ್ತಿನಲ್ಲಿ ದಲಿತರಿಗೆ ಮಂಜೂರು ಮಾಡಿದ ಭೂಮಿಯನ್ನು ಈಗ ಉಳುತ್ತಿರುವವರು ಯಾರು? ಇಂಥ ಮಂಜೂರಾತಿ ಭೂಮಿಯ ಪರಭಾರೆ ತಡೆಯಲು 1978ರಲ್ಲೇ ಕಾಯಿದೆ ಬಂತು. ತಡವಾಗಿ ಬಂದಿರಿ ಅಂತ ಕೋರ್ಟುಗಳು ಅರ್ಜಿ ತಳ್ಳಿಹಾಕತೊಡಗಿದಾಗ, ಹೋರಾಟದ ಫಲವಾಗಿ 2023ರಲ್ಲಿ ತಿದ್ದುಪಡಿಯಾಗಿ ಕಾಲಮಿತಿಯ ಅಡ್ಡಿ ತೆಗೆದರು. ಆದರೂ ಸಾಗುವಳಿ ಚೀಟಿ ಎಲ್ಲಿ, ಮೂಲ ಮಂಜೂರಾತಿ ಯಾವ ಇಸವಿಯದು ಅಂತ ತಿಳಿಯದವನು ಏನು ಹಿಡಿದು ವಾದಿಸುತ್ತಾನೆ?

ಇಸವಿ ಕಲಿಯಬೇಕಾದದ್ದು ಇದಕ್ಕೆ. 1789 ಗೊತ್ತಿರುವ ಹುಡುಗನಿಗೆ ಅವನಜ್ಜನ ಹೊಲ ಕೈಬಿಟ್ಟ ಇಸವಿಯೂ ಗೊತ್ತಿರಬೇಕು.